ಹಿಂದಿನ ಮಾರ್ವೆಲ್ ಸಿನಿಮಾಗಳನ್ನು ನೋಡದವರು ‘ಅವೆಂಜರ್ಸ್: ಇನ್ಫಿನಿಟಿ ವಾರ್’ ನೋಡಬಹುದಾ? ಇದರ ಪ್ಲಸ್ ಏನು, ಮೈನಸ್ ಏನು?

ನೋಡಬಹುದು. ಯಾಕೆ ಇಷ್ಟು ಧೈರ್ಯವಾಗಿ ಹೇಳುತ್ತೇನೆ ಅಂದರೆ ನನ್ನ ಹತ್ತಿರ ಒಬ್ಬ ಸಾಕ್ಷಿ ಇದ್ದಾರೆ, ನಮ್ಮ ಭಾವ. ಕಥೆಯನ್ನು ಕೊನೆಯವರೆಗೂ ಹೇಳಿಬಿಡುತ್ತೇನೆ. ಮೊದಲೇ ಗೊತ್ತಾಗುವುದು ಬೇಡ ಅನ್ನುವವರು ಇಲ್ಲಿಗೇ ನಿಲ್ಲಿಸಿ.

ಈ ಸಿನಿಮಾ ಬಂದಿದ್ದು 2018ರ ಏಪ್ರಿಲ್ 27ಕ್ಕೆ. ಆ ವಾರವೇ ಅಕ್ಕನ ಮಗನಿಗೂ ನನಗೂ ಟಿಕೆಟ್ ತೆಗೆದಿದ್ದೆ. ರಾತ್ರಿ ಆಟ ಅಂತ ಭಾವನೂ ಜೊತೆಗೆ ಹೊರಟರು. ಅವರಿಗೆ ಗೊತ್ತಿದ್ದ ಸೂಪರ್‌ಹೀರೋ ಅಂದರೆ ಟಿವಿಯ ಶಕ್ತಿಮಾನ್ ಒಬ್ಬನೇ. ಸಿನಿಮಾ ಇಂಗ್ಲಿಷ್ ಜೊತೆ ಹಿಂದಿ, ತಮಿಳು, ತೆಲುಗಿನಲ್ಲಿ ಬಂದಿತ್ತು, ಕನ್ನಡದಲ್ಲಿ ಬಂದಿರಲಿಲ್ಲ. ಹಾಗಾಗಿ ಭಾವನ ಕಿವಿಯಲ್ಲಿ ಪಿಸುಗುಡುತ್ತಾ ಡಬ್ಬಿಂಗ್ ಮಾಡಿದ್ದು ನಾನೇ.

ಮೊದಲ ಹತ್ತು ನಿಮಿಷದಲ್ಲಿ ಮೂರು ಸಲ ‘ಇವನ್ಯಾರು?’ ಅಂದರು. ತಪ್ಪು ಅವರದಲ್ಲ. ಈ ಸಿನಿಮಾ ಶುರುವಾಗುವುದೇ ಇನ್ನೊಂದು ಸಿನಿಮಾದ ಕೊನೆಯಿಂದ. 2017ರ ಥಾರ್ ಸಿನಿಮಾದಲ್ಲಿ ಊರು ಕಳೆದುಕೊಂಡ ಜನ ಬಾಹ್ಯಾಕಾಶದ ಹಡಗು ಹತ್ತಿ ಹೊರಡುತ್ತಾರೆ. ಇಲ್ಲಿ ಪರದೆ ಬೆಳಗುವ ಹೊತ್ತಿಗೆ ಅದೇ ಹಡಗು ಉರಿಯುತ್ತಿದೆ, ಸುತ್ತ ಹೆಣ ಬಿದ್ದಿವೆ. ಸ್ವಲ್ಪ ಹೊತ್ತಿಗೆಲ್ಲ, ಜಗತ್ತಿನ ಅರ್ಧ ಜೀವಿಗಳನ್ನು ಅಳಿಸಲು ಹೊರಟ ನೇರಳೆ ಬಣ್ಣದ ವಿಲನ್ ಥಾನೋಸ್ ಬಂದು ಲೋಕಿಯ ಕತ್ತು ಹಿಸುಕಿ ಸಾಯಿಸುತ್ತಾನೆ. ಲೋಕಿ 2011ರಿಂದ ಇರುವ ಪಾತ್ರ. ಪಕ್ಕದಲ್ಲಿ ಹುಡುಗ ಉಸಿರು ಬಿಗಿಹಿಡಿದು ಕೂತಿದ್ದ. ಭಾವ ಪಾಪ್‌ಕಾರ್ನ್ ತಿನ್ನುತ್ತಿದ್ದರು.

ಈ ಸಿನಿಮಾದ ದೊಡ್ಡ ಮೈನಸ್ ಇದೇ. 2008ರ ಐರನ್ ಮ್ಯಾನ್‌ನಿಂದ ಎಣಿಸಿದರೆ ಇದು 19ನೆಯದು. ಹಿಂದಿನ ಹದಿನೆಂಟು ಸಿನಿಮಾ ಕೂಡಿಟ್ಟ ದುಡ್ಡನ್ನು ಇದು ಒಂದೇ ಸಲಕ್ಕೆ ಖರ್ಚು ಮಾಡುತ್ತದೆ. ಯಾರನ್ನೂ ಪರಿಚಯ ಮಾಡಿಸುವ ಗೋಜಿಗೇ ಹೋಗುವುದಿಲ್ಲ.

ಆದರೆ ಇಂಟರ್ವಲ್‌ನಲ್ಲಿ ಕಾಫಿ ಕುಡಿಯುತ್ತಾ ಭಾವ ಹೇಳಿದ್ದು ಕೇಳಿ: “ಆ ನೇರಳೆ ಬಣ್ಣದವನ ಕಥೆ ಅರ್ಥ ಆಯ್ತು ಕಣೋ. ಮಿಕ್ಕವರೆಲ್ಲ ಅವನನ್ನ ತಡೆಯೋಕೆ ಓಡಾಡ್ತಿದಾರೆ, ಅಷ್ಟೇ ಅಲ್ವಾ?”

ಅಷ್ಟೇ. ನಾನು ಆಮೇಲೆ ಎಷ್ಟೋ ವಿಮರ್ಶೆ ಓದಿದೆ, ಇದಕ್ಕಿಂತ ಜಾಸ್ತಿ ಏನೂ ಸಿಗಲಿಲ್ಲ. ಹೀರೋಗಳೇ ಇಪ್ಪತ್ತಕ್ಕೂ ಜಾಸ್ತಿ, ಸಿನಿಮಾ ಇರೋದು 149 ನಿಮಿಷ. ಸಮ ಪಾಲು ಹಾಕಿದರೆ ತಲೆಗೆ ಎಂಟು ನಿಮಿಷವೂ ಬರುವುದಿಲ್ಲ. ನಿರ್ದೇಶಕರಾದ ರುಸ್ಸೋ ಸಹೋದರರು, ಬರೆದ ಮಾರ್ಕಸ್ ಮತ್ತು ಮ್ಯಾಕ್‌ಫೀಲಿ ಪಾಲು ಹಾಕುವ ಗೊಡವೆಯನ್ನೇ ಬಿಟ್ಟು, ಕಥೆಯನ್ನು ಪೂರ್ತಿಯಾಗಿ ವಿಲನ್‌ಗೆ ಬರೆದುಕೊಟ್ಟರು. ಏನೋ ಬೇಕು ಅಂತ ಮನೆ ಬಿಟ್ಟು ಹೊರಡುವವನು ಅವನು. ಅಪಾರ ಶಕ್ತಿಯ ಆರು ಕಲ್ಲುಗಳನ್ನು ಒಂದೊಂದಾಗಿ ಸಂಪಾದಿಸುವವನು, ಅದಕ್ಕಾಗಿ ಕಳೆದುಕೊಳ್ಳುವವನು, ಕೊನೆಗೆ ಗೆದ್ದು ಕೂರುವವನು ಎಲ್ಲ ಅವನೇ. ರನ್ನ ಭೀಮನನ್ನು ಹೊಗಳಲು ಹೊರಟ, ಓದಿದವರ ಮನಸ್ಸಿನಲ್ಲಿ ಉಳಿದದ್ದು ದುರ್ಯೋಧನ. ಇಲ್ಲಿ ಹೊರಟಿದ್ದೇ ದುರ್ಯೋಧನನ ಕಡೆಯಿಂದ.

ವೊರ್ಮಿರ್ ಗ್ರಹದ ದೃಶ್ಯ ನೋಡಿ. ಆ ಆರರಲ್ಲಿ ಒಂದಾದ ಆತ್ಮದ ಕಲ್ಲು ಬೇಕಾದರೆ ತನಗೆ ಪ್ರೀತಿಯವರನ್ನು ಬಲಿ ಕೊಡಬೇಕು. ಸಾಕುಮಗಳು ಗಮೋರಾ ಅದನ್ನು ಕೇಳಿ ನಗುತ್ತಾಳೆ. ನೀನು ಯಾರನ್ನೂ ಪ್ರೀತಿಸಿದವನಲ್ಲ, ನಿನಗದು ಸಿಗಲ್ಲ ಅನ್ನುವ ನಗು. ಥಾನೋಸ್ ತಿರುಗುತ್ತಾನೆ, ಕಣ್ಣಲ್ಲಿ ನೀರು. ಅವಳಿಗೆ ಆಗಲೂ ಅರ್ಥವಾಗುವುದಿಲ್ಲ. ಅರ್ಥವಾದಾಗ ಚಾಕು ತೆಗೆದು ತನಗೇ ಚುಚ್ಚಿಕೊಳ್ಳಲು ಹೋಗುತ್ತಾಳೆ, ಚಾಕು ಗುಳ್ಳೆಗಳಾಗಿ ಹಾರಿಹೋಗುತ್ತದೆ. ಕೈ ಹಿಡಿದು ಎಳೆದುಕೊಂಡು ಹೋಗುತ್ತಾನೆ. ಥಾನೋಸ್‌ನದು ಕಂಪ್ಯೂಟರ್‌ನಲ್ಲಿ ಮಾಡಿದ ಮುಖ ಅನ್ನೋದೇ ಮರೆತುಹೋಗುತ್ತದೆ. ಒಳಗೆ ನಟಿಸಿದ ಜೋಶ್ ಬ್ರೋಲಿನ್‌ನ ಗದ್ದದ ನಡುಕ ಕೂಡ ಕಾಣುತ್ತದೆ.

ಇಷ್ಟು ಚೆನ್ನಾಗಿರುವುದರಿಂದಲೇ ನನಗೆ ಆ ದೃಶ್ಯದ ಮೇಲೆ ಸಿಟ್ಟು. ಅವಳ ಜನರಲ್ಲಿ ಅರ್ಧದಷ್ಟನ್ನು ಕೊಂದು ಅವಳನ್ನು ಹೊತ್ತೊಯ್ದವನು ಇವನು. ಇದನ್ನು ಪ್ರೀತಿ ಅಂತ ಕಲ್ಲು ಒಪ್ಪುತ್ತದೆ, ಸಿನಿಮಾನೂ ಒಪ್ಪುತ್ತದೆ. ಸತ್ತವಳು ಅವಳು, ನಾವು ಮರುಗಬೇಕಾಗಿರುವುದು ಅವನಿಗೆ. ಯಾಕೋ ನನಗೆ ಇವತ್ತಿಗೂ ಗಂಟಲಿಗೆ ಇಳಿದಿಲ್ಲ.

ಹೀರೋಗಳನ್ನು ಮೂರ್ನಾಲ್ಕು ಗುಂಪು ಮಾಡಿ ಬೇರೆ ಬೇರೆ ಕಡೆ ಅಟ್ಟಿದ್ದು ಬುದ್ಧಿವಂತಿಕೆ. ಐರನ್ ಮ್ಯಾನ್ ಆಗಿರುವ ಸ್ಟಾರ್ಕ್‌ನ ಜಂಬಕ್ಕೆ ಮಂತ್ರವಾದಿ ಡಾಕ್ಟರ್ ಸ್ಟ್ರೇಂಜ್‌ನ ಜಂಬ. ಥಾರ್‌ನ ಗಂಡು ಧ್ವನಿ ಕೇಳಿ ಗಮೋರಾಳ ಪ್ರಿಯಕರ ಸ್ಟಾರ್-ಲಾರ್ಡ್ ತಾನೂ ಗಂಟಲು ದಪ್ಪ ಮಾಡಿಕೊಂಡು ಮಾತಾಡೋದು. ಥಾರ್ ಒಂದು ಕಡೆ ಕೂತು ತನ್ನವರು ಯಾರ್ಯಾರು ಸತ್ತರು ಅಂತ ನಗುತ್ತಲೇ ಎಣಿಸುತ್ತಾನೆ. ಕೇಳುತ್ತಿರುವುದು ರಕೂನ್ ಅನ್ನುವ ಒಂದು ಪ್ರಾಣಿ. ಹೀರೋಗಳ ಪಾಲಿಗೆ ಬಂದಿದ್ದರಲ್ಲಿ ನನಗೆ ಹೆಚ್ಚು ಇಷ್ಟವಾದದ್ದು ಈ ತುಣುಕು. ಆಮೇಲೆ ಅದೇ ಥಾರ್ ಹೊಸ ಕೊಡಲಿ ಹಿಡಿದು ವಕಾಂಡಾ ಅನ್ನುವ ಕಾಲ್ಪನಿಕ ದೇಶದಲ್ಲಿ ಇಳಿದಾಗ ಥಿಯೇಟರ್‌ನಲ್ಲಿ ಬಿದ್ದ ಶಿಳ್ಳೆ ನಮ್ಮ ಯಾವ ಸ್ಟಾರ್‌ನ ಎಂಟ್ರಿಗೂ ಕಮ್ಮಿ ಇರಲಿಲ್ಲ.

ಕ್ಯಾಪ್ಟನ್ ಅಮೆರಿಕಕ್ಕೆ ಗಡ್ಡ ಬಿಟ್ಟರೆ ಬೇರೇನೂ ಸಿಗಲಿಲ್ಲ. ಬ್ಲ್ಯಾಕ್ ವಿಡೋಗೆ ಅದೂ ಇಲ್ಲ. ವಕಾಂಡಾದ ಯುದ್ಧವೂ ಸಪ್ಪೆ. ಹುಲ್ಲುಗಾವಲಿನ ಮೇಲೆ ಹೆಸರಿಲ್ಲದ ಪ್ರಾಣಿಗಳ ಹಿಂಡು ಓಡಿ ಬರುತ್ತದೆ, ಇವರು ಹೊಡೆಯುತ್ತಾರೆ, ಮತ್ತೆ ಬರುತ್ತದೆ. ಅದೇ ಹೊತ್ತಿಗೆ ಟೈಟನ್ ಗ್ರಹದಲ್ಲಿ ನಡೆಯುವ ಹೊಡೆದಾಟದಲ್ಲಿ ಒಂದೇ ಗುರಿ, ಕಲ್ಲುಗಳನ್ನು ಕೂರಿಸಿಕೊಂಡಿರುವ ಥಾನೋಸ್‌ನ ಕೈಗವಸು ಕೀಳಬೇಕು. ಒಬ್ಬೊಬ್ಬರೂ ಒಂದೊಂದು ಕೆಲಸ ಹಿಡಿದಿದ್ದಾರೆ. ಇನ್ನೇನು ಬಂತು ಅನ್ನುವಾಗ ಗಮೋರಾ ಸತ್ತಿದ್ದು ಸ್ಟಾರ್-ಲಾರ್ಡ್‌ಗೆ ಗೊತ್ತಾಗಿ, ತಡೆಯಲಾರದೆ ಥಾನೋಸ್ ಮುಖಕ್ಕೆ ಗುದ್ದುತ್ತಾನೆ. ಪ್ಲ್ಯಾನ್ ಎಲ್ಲ ಹಾಳು.

ಜನ ಸ್ಟಾರ್-ಲಾರ್ಡ್‌ನನ್ನು ಇವತ್ತಿಗೂ ಬೈಯುತ್ತಾರೆ. ನಾನು ಬೈಯಲ್ಲ. ಮೊದಲಿನಿಂದ ಗಮನಿಸಿ ನೋಡಿ. ತಮ್ಮನಿಗೆ ಚಿತ್ರಹಿಂಸೆ ಕೊಟ್ಟರು ಅಂತ ಲೋಕಿ ಕಲ್ಲು ಕೊಡುತ್ತಾನೆ. (ಕ್ಷಮಿಸಿ, ಥಾರ್ ಅವನಿಗೆ ಅಣ್ಣ. ಭಾವನಿಗೂ ಇದನ್ನು ಉಲ್ಟಾ ಹೇಳಿದ್ದೆ.) ತಂಗಿ ನೆಬ್ಯುಲಾಳ ಸಂಕಟ ನೋಡಲಾರದೆ ಗಮೋರಾ ಕಲ್ಲಿರುವ ಜಾಗ ತೋರಿಸುತ್ತಾಳೆ. ಸ್ಟಾರ್ಕ್ ಬದುಕಲಿ ಅಂತ ಸ್ಟ್ರೇಂಜ್ ಕಲ್ಲು ಬಿಡುತ್ತಾನೆ. ಹಣೆಯಲ್ಲೇ ಒಂದು ಕಲ್ಲಿರುವ ವಿಷನ್‌ನನ್ನು ಕೊಲ್ಲಲು ಅವನ ಪ್ರೇಯಸಿ ವಾಂಡಾಗೆ ಮನಸ್ಸು ಬಾರದೆ ಹೊತ್ತು ಮೀರುತ್ತದೆ. ಒಂದು ಜೀವ ಕೊಟ್ಟು ಕೆಲಸ ಮುಗಿಸಿಕೊಳ್ಳುವುದು ಇವರ ಕೈಲಿ ಆಗುವುದಿಲ್ಲ. ಅದು ಆಗುವುದು ಥಾನೋಸ್ ಒಬ್ಬನಿಗೇ, ಅದಕ್ಕೇ ಗೆಲ್ಲುತ್ತಾನೆ. ಇಷ್ಟು ಗಲಾಟೆಯ ಸಿನಿಮಾದೊಳಗೆ ಈ ಎಳೆಯನ್ನು ಎಲ್ಲೂ ಕಡಿಯದೆ ನೇಯ್ದಿದ್ದಾರೆ. ಮೊದಲ ಸಲ ನನಗೂ ಕಂಡಿರಲಿಲ್ಲ.

ಥಾನೋಸ್‌ನ ಲೆಕ್ಕ ಮಾತ್ರ ತೀರಾ ಪೊಳ್ಳು. ಅರ್ಧ ಜೀವಿಗಳು ಸತ್ತರೆ ಉಳಿದವರಿಗೆ ಊಟ ಸಾಕಾಗುತ್ತದಂತೆ. 2018ರಲ್ಲಿ ಭೂಮಿಯ ಜನಸಂಖ್ಯೆ ಸುಮಾರು 760 ಕೋಟಿ. ಅರ್ಧ ಅಂದರೆ 380 ಕೋಟಿ. 1970ರ ದಶಕದ ಶುರುವಿನಲ್ಲಿ ಇದ್ದಿದ್ದೇ ಅಷ್ಟು. ಆಗೇನು ಹಸಿವು ಇರಲಿಲ್ವಾ? ಸ್ಟಾರ್ಕ್, ಹಲ್ಕ್ ಆಗುವ ವಿಜ್ಞಾನಿ ಬ್ಯಾನರ್, ಸ್ಟ್ರೇಂಜ್, ಇಷ್ಟು ಜನ ಓದಿದವರಿದ್ದೂ ಒಬ್ಬರೂ ಇದನ್ನು ಕೇಳುವುದಿಲ್ಲ. ಕೇಳಿದ್ದು ಭಾವ, ಪಾರ್ಕಿಂಗ್‌ನಲ್ಲಿ: “ಅಷ್ಟು ಶಕ್ತಿ ಇರೋನು ಅನ್ನನೇ ಎರಡರಷ್ಟು ಮಾಡಬಹುದಿತ್ತಲ್ವಾ?”

ಇನ್ನು ಕೊನೆ. ಆರೂ ಕಲ್ಲು ಸಿಕ್ಕಮೇಲೆ ಥಾನೋಸ್ ಚಿಟಿಕೆ ಹೊಡೆಯುತ್ತಾನೆ. ಅಬ್ಬರದ ಸಂಗೀತ ಇಲ್ಲ. ಒಬ್ಬೊಬ್ಬರೇ ಬೂದಿಯಾಗಿ ಉದುರುತ್ತಾರೆ, ಸ್ಪೈಡರ್ ಮ್ಯಾನ್ ಹುಡುಗ ಸ್ಟಾರ್ಕ್‌ನನ್ನು ತಬ್ಬಿಕೊಂಡೇ ಹೋಗುತ್ತಾನೆ. ಥಾನೋಸ್ ಯಾವುದೋ ಹಸಿರು ಗುಡ್ಡದಲ್ಲಿ ಗುಡಿಸಲ ಮುಂದೆ ಕೂತು ಸೂರ್ಯ ಹುಟ್ಟುವುದನ್ನು ನೋಡುತ್ತಾನೆ. ಮುಗೀತು. ಅಷ್ಟು ಹೊತ್ತು ಶಿಳ್ಳೆ ಹೊಡೆದ ಜನ ಎದ್ದೇಳಲೇ ಇಲ್ಲ.

ಆದರೆ ನಮ್ಮ ಹುಡುಗ ಅಳಲಿಲ್ಲ. ಮುಂದಿನ ಸ್ಪೈಡರ್ ಮ್ಯಾನ್ ಸಿನಿಮಾ 2019ಕ್ಕೆ ಬರುತ್ತೆ ಅಂತ ಅವನಿಗೆ ಆಗಲೇ ಗೊತ್ತಿತ್ತು. ಸ್ಟ್ರೇಂಜ್ 1 ಕೋಟಿ 40 ಲಕ್ಷದ 605 ಭವಿಷ್ಯ ನೋಡಿ, ಒಂದರಲ್ಲಿ ಮಾತ್ರ ಗೆಲ್ತೀವಿ ಅಂದಿದ್ದನಲ್ಲ, ಆ ಒಂದು ಇದೇ ಅಂತ ದಾರಿಯುದ್ದಕ್ಕೂ ವಾದಿಸಿದ. ಭಾವ ಕಾರು ಓಡಿಸುತ್ತಾ ಸುಮ್ನೆ ಇದ್ದರು. ಲೋಕಿಯ ಸಾವಿಗೆ ಪಾಪ್‌ಕಾರ್ನ್ ತಿನ್ನುತ್ತಿದ್ದ ಮನುಷ್ಯ, ಮನೆ ಹತ್ತಿರ ಬಂದಮೇಲೆ “ಪಾಪ ಕಣೋ, ಆ ಹುಡುಗ” ಅಂದರು.

ಹಾಗಾಗಿ ಏನೂ ನೋಡದೆ ಹೋದರೆ ನಿಮಗೆ ಶುರು ತಪ್ಪಿಹೋಗುತ್ತದೆ, ಕೊನೆ ಮಾತ್ರ ಮಿಕ್ಕವರಿಗಿಂತ ಜಾಸ್ತಿ ತಟ್ಟುತ್ತದೆ. ಸಮಯ ಇದ್ದರೆ 2012ರ ಮೊದಲ ಅವೆಂಜರ್ಸ್, 2014ರ ಗಾರ್ಡಿಯನ್ಸ್, 2016ರ ಸಿವಿಲ್ ವಾರ್ ನೋಡಿಕೊಳ್ಳಿ, ಧಾರಾಳ ಸಾಕು.

2019ರಲ್ಲಿ ಮುಂದಿನ ಭಾಗ ಬಂದಾಗ ಭಾವನನ್ನೂ ಕರೆದೆ. ಬರಲಿಲ್ಲ. “ಅವನು ಗೆದ್ದು ಕೂತಿದಾನಲ್ಲ, ಇನ್ನೇನು ನೋಡೋದು ಬಿಡು” ಅಂದರು.