ನಾಲೆ ಏರಿ, ದ್ರಾಕ್ಷಿ ತೋಟ, ಸೈಕಲ್: ಕನಾಲ್ ದ್ಯು ಮಿದಿ ಬಗ್ಗೆ ಓದುಗರ ಪ್ರಶ್ನೆಗಳು

ದಕ್ಷಿಣ ಫ್ರಾನ್ಸಿನ ತುಲೂಸ್ ನಗರದಿಂದ ಮೆಡಿಟರೇನಿಯನ್ ತೀರದ ತೋ ಸರೋವರದವರೆಗೆ ಸಾಗುವ ಕನಾಲ್ ದ್ಯು ಮಿದಿ ನಾಲೆಯ ಉದ್ದ 240 ಕಿ.ಮೀ. ಇದರ ಯೋಜನೆ ಹಾಕಿದ ಪ್ಯೇರ್-ಪೋಲ್ ರಿಕೆ 1667ರಲ್ಲಿ ಕೆಲಸ ಶುರು ಮಾಡಿಸಿದ. 1681ರಲ್ಲಿ, ಅವನು ತೀರಿಕೊಂಡ ಮರುವರ್ಷ, ದೋಣಿಗಳು ಓಡಾಡತೊಡಗಿದವು. ಇದರ ಏರಿಯ ಮೇಲೆ ಸೈಕಲ್ ಪ್ರವಾಸ ಹೊರಡುವ ಕುರಿತು ಬಂದ ಪ್ರಶ್ನೆಗಳಲ್ಲಿ ಐದನ್ನು ಆರಿಸಿ ಉತ್ತರಿಸಿದ್ದೇವೆ.

ಮಂಡ್ಯದ ಓದುಗರು: ವಿಶ್ವೇಶ್ವರಯ್ಯ ನಾಲೆ ಏರಿ ಮೇಲೆ ಸೈಕಲ್ ತುಳಿದು ರೂಢಿಯಿದೆ. 28 ಮಿ.ಮೀ. ಟೈರಿನ ಹೈಬ್ರಿಡ್ ಸೈಕಲ್ ಇದೆ. ನಾಲೆ ದಾರಿ ಸಮತಟ್ಟು ಅನ್ನುತ್ತಾರೆ, ಹಾಗಾಗಿ ದಿನಕ್ಕೆ 80 ಕಿ.ಮೀ. ಲೆಕ್ಕ ಹಾಕಿದ್ದೇವೆ. ಸರಿಯೇ?

ಟೈರೂ ಸಾಲದು, ಲೆಕ್ಕವೂ ಸರಿಯಿಲ್ಲ. ಈ ದಾರಿಯಲ್ಲಿ ದಣಿಸುವುದು ಏರಲ್ಲ, ನೆಲ. ತುಲೂಸಿನಿಂದ ಪೋರ್-ಲೊರಾಗೆವರೆಗಿನ ಸುಮಾರು 50 ಕಿ.ಮೀ. ಡಾಂಬರು. ಅಲ್ಲಿ 28 ಮಿ.ಮೀ. ಟೈರಿನಲ್ಲೂ ಆರಾಮವಾಗಿ ಹೋಗಬಹುದು. ಓದ್ ಜಿಲ್ಲೆಯ ಗಡಿ ದಾಟಿದ ಮೇಲೆ ಮಣ್ಣುದಾರಿ. ಕೆಲವು ಕಡೆ ಜಲ್ಲಿ ಹಾಕಿ ಗಟ್ಟಿ ಮಾಡಿದ್ದಾರೆ, ಉಳಿದ ಕಡೆ ಒಂದು ಸೈಕಲ್ ಹೋಗುವಷ್ಟೇ ಕಾಲುಹಾದಿ. ಹಿಂದೆ ಕುದುರೆಗಳು ದೋಣಿ ಎಳೆದುಕೊಂಡು ನಡೆಯುತ್ತಿದ್ದ ಹಾದಿ ಅದು. ಏರಿ ಉದ್ದಕ್ಕೂ ಇರುವ ಪ್ಲೇನ್ ಮರಗಳ (ಕಾಶ್ಮೀರದ ಚಿನಾರ್‌ನ ಬಳಗ) ಬೇರುಗಳು ಹಾದಿಗೆ ಅಡ್ಡಲಾಗಿ ಎದ್ದಿರುತ್ತವೆ. ತೆಳು ಟೈರು ಬೇರಿಗೆ ಹೊಡೆದಾಗ ಟ್ಯೂಬು ರಿಮ್ಮಿನ ಅಂಚಿಗೆ ಸಿಕ್ಕಿ, ಹಾವು ಕಚ್ಚಿದ ಹಾಗೆ ಜೋಡಿ ತೂತು ಬೀಳುತ್ತದೆ. ಗಾಳಿ ಹೆಚ್ಚು ತುಂಬಿದರೆ ಪಂಕ್ಚರ್ ತಪ್ಪೀತು, ಆದರೆ ಕೈ-ಬೆನ್ನು ಸಂಜೆಯೊಳಗೆ ಸೋತುಹೋಗುತ್ತವೆ.

ನಿಮ್ಮ ಫ್ರೇಮು ಹಿಡಿಸುವುದಾದರೆ 38ರಿಂದ 42 ಮಿ.ಮೀ. ಟೈರು ಹಾಕಿಸಿ. ಸವಾರ, ಸೈಕಲ್, ಸಾಮಾನು ಸೇರಿ 100 ಕಿಲೋ ಇದ್ದರೆ ಮುಂದಕ್ಕೆ 40, ಹಿಂದಕ್ಕೆ 50 ಪಿಎಸ್‌ಐ ಇಟ್ಟು ಶುರುಮಾಡಿ, ಅಲ್ಲಿಂದ ಎರಡು ಮೂರು ಪಿಎಸ್‌ಐ ಅತ್ತಿತ್ತ ಹೊಂದಿಸಿಕೊಳ್ಳಿ. ಟೈರಿಗೂ ಮಡ್‌ಗಾರ್ಡಿಗೂ ನಡುವೆ ಕನಿಷ್ಠ 10 ಮಿ.ಮೀ. ಸಂದು ಇರಲಿ. ಮಳೆ ಬಂದರೆ ಲೊರಾಗೆ ಸೀಮೆಯ ಜೇಡಿಮಣ್ಣು ಆ ಸಂದಿನಲ್ಲಿ ಮೆತ್ತಿಕೊಂಡು ಚಕ್ರವೇ ತಿರುಗದಂತಾಗುತ್ತದೆ. ನಮ್ಮ ಕಡೆಯ ಎರೆಹೊಲದಲ್ಲಿ ಸೈಕಲ್ ಹೊತ್ತು ನಡೆದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಬೇರುಗಳ ಕುಲುಕಾಟಕ್ಕೆ ಮೊದಲು ಸಡಿಲವಾಗುವುದು ಕ್ಯಾರಿಯರಿನ ಬೋಲ್ಟುಗಳು. ಹೊರಡುವ ಮುಂಚೆ ಬಿಚ್ಚಿ, ತಿರುಪಿನ ಮರೆಗೆ ನೀಲಿ ಥ್ರೆಡ್‌ಲಾಕರ್ (ಬೋಲ್ಟು ಸಡಿಲವಾಗದಂತೆ ಹಿಡಿಯುವ ಅಂಟು) ಒಂದು ಹನಿ ಹಾಕಿ ಬಿಗಿಮಾಡಿ. ಆಮೇಲೂ ದಿನಾ ಬೆಳಿಗ್ಗೆ ಅಲೆನ್ ಕೀಲಿ ಹಾಕಿ ನೋಡಿ. ಎರಡನೆಯದು ಹಿಂದಿನ ಚಕ್ರದ ಕಡ್ಡಿ. ಭಾರವೆಲ್ಲ ಹಿಂದೆಯೇ ಇದ್ದರೆ ಚೈನಿನ ಬದಿಯ ಕಡ್ಡಿ ಮುರಿಯುತ್ತದೆ. ಆ ಬದಿಯ ಅಳತೆಯ ಮೂರು ಕಡ್ಡಿಗಳನ್ನು ಫ್ರೇಮಿಗೆ ಟೇಪು ಸುತ್ತಿ ಒಯ್ಯಿರಿ. ಹಿಂದಿನ ಚೀಲಗಳ ಒಟ್ಟು ತೂಕ 12 ಕಿಲೋ ದಾಟದಿರಲಿ.

ಮಣ್ಣುದಾರಿಯಲ್ಲಿ ಗಂಟೆಗೆ 10ರಿಂದ 12 ಕಿ.ಮೀ. ಸಾಗಿದರೆ ಚೆನ್ನಾಗಿ ಸಾಗಿದಂತೆ. ನಾವು ಹೇಳುವ ದಿನಚರಿ ಹೀಗಿದೆ: ಮೊದಲ ದಿನ ತುಲೂಸಿನಿಂದ ಕಾಸ್ಟೆಲ್ನೋದಾರಿ (65 ಕಿ.ಮೀ.), ಎರಡನೆಯ ದಿನ ಕಾರ್ಕಾಸೋನ್ (40), ಮೂರನೆಯ ದಿನ ಓಂಪ್ಸ್ (40), ನಾಲ್ಕನೆಯ ದಿನ ಕಾಪೆಸ್ತಾಂ (43), ಐದನೆಯ ದಿನ ಬೆಜಿಯೆ (20), ಆರನೆಯ ದಿನ ಸಮುದ್ರ ದಡದ ಸೆತ್ (50ರ ಆಸುಪಾಸು). ಐದನೆಯ ದಿನವನ್ನು ಬೇಕೆಂದೇ ಚಿಕ್ಕದಾಗಿ ಇಟ್ಟಿದ್ದೇವೆ. ಮಾಲ್‌ಪಾಸ್‌ನಲ್ಲಿ ನಾಲೆ 165 ಮೀಟರ್ ಸುರಂಗದೊಳಗೆ ಹೋಗುತ್ತದೆ, ನೀವು ಗುಡ್ಡದ ಮೇಲಿನ ದಾರಿ ಹಿಡಿಯಿರಿ. 13ನೇ ಶತಮಾನದಲ್ಲಿ ನೀರು ಬಸಿದು ಹೊಲ ಮಾಡಿದ ಮೊಂತಾದಿ ಕೆರೆ ಅಲ್ಲಿಂದ ಗಾಡಿ ಚಕ್ರದ ಅರೆಗಳ ಹಾಗೆ ಕಾಣುತ್ತದೆ. ಅದನ್ನು ಓಡುತ್ತಾ ನೋಡಬಾರದು. ಮುಂದೆ ಫೋನ್ಸೆರಾನ್‌ನಲ್ಲಿ ಮೆಟ್ಟಿಲು ಮೆಟ್ಟಿಲಾಗಿ ನಾಲೆ 21 ಮೀಟರಿನಷ್ಟು ಇಳಿಯುತ್ತದೆ. ಜನಸಂದಣಿ ಇರುತ್ತದೆ, ಸೈಕಲ್ ತಳ್ಳಿಕೊಂಡೇ ಇಳಿಯಿರಿ.

ದಾರಿ ತೀರಾ ಕೆಟ್ಟಿದ್ದರೆ ಊರೂರ ನಡುವಿನ ಸಣ್ಣ ರಸ್ತೆಗಳಿವೆ. ಆದರೆ ಡಿ 6113, ಡಿ 610 ಎಂಬ ದೊಡ್ಡ ರಸ್ತೆಗಳು ಬೇಡ. ಅವುಗಳಲ್ಲಿ ವಾಹನಗಳು ವೇಗವಾಗಿ ನುಗ್ಗುತ್ತವೆ.

ಧಾರವಾಡದ ಓದುಗರು: ಯಾವ ತಿಂಗಳು ಒಳ್ಳೆಯದು? ಸಮುದ್ರದ ಕಡೆಯಿಂದ ಶುರುಮಾಡಿದರೆ ತಪ್ಪೇನು?

ಮೇ, ಜೂನ್, ಇಲ್ಲವೇ ಸೆಪ್ಟೆಂಬರಿನಿಂದ ಅಕ್ಟೋಬರ್ ನಡುವರೆಗೆ. ಜುಲೈ-ಆಗಸ್ಟ್ ಬಿಸಿಲು 35 ಡಿಗ್ರಿ ದಾಟುವುದುಂಟು, ನೆರಳೂ ಮೊದಲಿನಷ್ಟಿಲ್ಲ. 2006ರಲ್ಲಿ ಪ್ಲೇನ್ ಮರಗಳಿಗೆ ಶಿಲೀಂಧ್ರ ರೋಗ ತಗುಲಿದ್ದು ಗೊತ್ತಾಯಿತು. ಏರಿಯ ಮೇಲೆ 42,000ದಷ್ಟು ಮರಗಳಿದ್ದವು, ಅವುಗಳಲ್ಲಿ ಬಹುಪಾಲನ್ನು ಕಡಿಯಬೇಕಾಯಿತು. ಬೇರೆ ಜಾತಿಯ ಸಸಿ ನೆಟ್ಟಿದ್ದಾರೆ, ಬೆಳೆಯಲು ಕಾಲ ಬೇಕು. ತೊಗಟೆಯ ಗಾಯದ ಮೂಲಕ ರೋಗ ಒಳಗೆ ಹೋಗುತ್ತದೆ. ದಯವಿಟ್ಟು ಉಳಿದ ಮರಗಳಿಗೆ ಸರಪಳಿ ಬಿಗಿಯಬೇಡಿ, ಮೊಳೆ ಹೊಡೆಯಬೇಡಿ. ಚಳಿಗಾಲದಲ್ಲಿ ನಾಲೆಯ ದುರಸ್ತಿ, ಮರ ಕಡಿತಕ್ಕಾಗಿ ಏರಿಯನ್ನು ಅಲ್ಲಲ್ಲಿ ಮುಚ್ಚುತ್ತಾರೆ.

ದಿಕ್ಕನ್ನು ಗಾಳಿ ನೋಡಿ ತೀರ್ಮಾನಿಸಿ. ‘ಸೆರ್ಸ್’ ಅನ್ನುವ ಗಾಳಿ ಪಶ್ಚಿಮ-ವಾಯವ್ಯದಿಂದ ಬೀಸುತ್ತದೆ. ಕಾರ್ಕಾಸೋನಿನಿಂದ ಆಚೆಗೆ ಅದರದೇ ಕಾರುಬಾರು. ಅದಕ್ಕೇ ತುಲೂಸಿನಿಂದ ಸಮುದ್ರಕ್ಕೆ ಹೋಗುವುದು ವಾಸಿ. ಒಂದೇ ಆತಂಕ, ಆಗ್ನೇಯದಿಂದ ಬರುವ ‘ಓತಾಂ’. ಅದು ಎದ್ದರೆ ಮೊದಲ ಎರಡು ದಿನ ಎದೆಗೇ ಹೊಡೆಯುತ್ತದೆ. ಅಂಥ ದಿನ ಬೆಳಕು ಹರಿಯುತ್ತಲೇ ಹೊರಟು ಮಧ್ಯಾಹ್ನದೊಳಗೆ ಮುಗಿಸಿ.

ಶಿರಸಿಯ ಓದುಗರು: ದ್ರಾಕ್ಷಿ ತೋಟಗಳ ಒಳಗೆ ಸೈಕಲ್‌ನಲ್ಲಿ ಹೋಗಬಹುದೇ? ಹಣ್ಣು ಕಿತ್ತು ತಿಂದರೆ ಬೈಯುತ್ತಾರೆಯೇ?

ಹಣ್ಣಿಗೆ ಕೈ ಹಾಕಬೇಡಿ. ಅದು ಅವರ ಬೆಳೆ ಅನ್ನುವುದು ಒಂದು ಮಾತು. ಇನ್ನೊಂದು, ಅದರ ಮೇಲೆ ಔಷಧಿ ಇರುತ್ತದೆ. ನೀವು ಕೊಳೆರೋಗಕ್ಕೆ ಅಡಿಕೆ ಕೊನೆಗಳಿಗೆ ಹೊಡೆಸುವ ಮೈಲುತುತ್ತ-ಸುಣ್ಣದ ಬೋರ್ಡೋ ದ್ರಾವಣ ಹುಟ್ಟಿದ್ದೇ ಬೋರ್ಡೋ ಸೀಮೆಯ ದ್ರಾಕ್ಷಿ ತೋಟಗಳಲ್ಲಿ, 1880ರ ದಶಕದಲ್ಲಿ. ಎಲೆಗಳ ಮೇಲೆ ನೀಲಿ-ಹಸಿರು ಕಲೆ ಕಂಡರೆ ನಿಮಗೆ ತಕ್ಷಣ ಗೊತ್ತಾಗುತ್ತದೆ. ಮೇಯಿಂದ ಜುಲೈವರೆಗೆ ಟ್ರ್ಯಾಕ್ಟರ್ ಔಷಧಿ ಹೊಡೆಯುವುದು ಕಂಡರೆ ಗಾಳಿ ಬೀಸಿ ಬರುವ ದಿಕ್ಕಿಗೆ ಸರಿದು ನಿಂತು, ಅದು ದಾಟಿದ ಮೇಲೆ ಹೊರಡಿ. ನೀರಿನ ಬಾಟಲಿಯ ಬಾಯಿ ಮುಚ್ಚಿರಲಿ.

ತೋಟಗಳ ನಡುವಿನ ಸಾರ್ವಜನಿಕ ರಸ್ತೆಗಳಲ್ಲಿ ಹೋಗಬಹುದು, ಹೋಗಲೇಬೇಕು. ನಾಲೆಯನ್ನೇ ಹಿಡಿದು ಹೋದವರು ಓಂಪ್ಸ್ ಸುತ್ತಲಿನ ದ್ರಾಕ್ಷಿ ನಾಡಾದ ಮಿನೆರ್ವ್ವಾ ಸೀಮೆಯ ಅರ್ಧವನ್ನೂ ನೋಡಿರುವುದಿಲ್ಲ. ಓಂಪ್ಸ್‌ನಲ್ಲಿ ಚೀಲ ಇಳಿಸಿ, ಸುಮಾರು 15 ಕಿ.ಮೀ. ಉತ್ತರಕ್ಕಿರುವ ಮಿನೆರ್ವ್ ಊರಿಗೆ ಹೋಗಿಬನ್ನಿ. ಇದು ಏರುದಾರಿ, ಮುಂದೆ 34 ಹಲ್ಲಿಗೆ ಹಿಂದೆ 34 ಹಲ್ಲಿನ ಗೇರು ಇದ್ದರೆ ಮಂಡಿ ಉಳಿಯುತ್ತದೆ. ಸೆಪ್ಟೆಂಬರ್ ಕೊಯ್ಲಿನಲ್ಲಿ ಟ್ರೇಲರುಗಳಿಂದ ಸೋರಿದ ದ್ರಾಕ್ಷಿ ರಸ, ಮಣ್ಣು ಸೇರಿ ತಿರುವುಗಳಲ್ಲಿ ಜಾರುತ್ತದೆ, ಬ್ರೇಕನ್ನು ತಿರುವಿಗೆ ಮೊದಲೇ ಹಿಡಿಯಿರಿ.

ವೈನ್ ರುಚಿ ನೋಡುವವರಿಗೆ: ರಕ್ತದಲ್ಲಿ ಲೀಟರಿಗೆ 0.5 ಗ್ರಾಂ ಮಿತಿ ಅಲ್ಲಿ ಸೈಕಲ್ ಸವಾರರಿಗೂ ಅನ್ವಯ. ಬಾಯಲ್ಲಿ ಆಡಿಸಿ ಉಗುಳುವುದು ಅಲ್ಲಿ ಮರ್ಯಾದೆಗೇಡಲ್ಲ, ಅದಕ್ಕೇ ಪಾತ್ರೆ ಇಟ್ಟಿರುತ್ತಾರೆ. ಒಂದು ಬಾಟಲಿ ಸುಮಾರು 1.3 ಕಿಲೋ ತೂಗುತ್ತದೆ. ಕೊಳ್ಳುವುದಾದರೆ ಕೊನೆಯ ದಿನ ಕೊಳ್ಳಿ.

ತುಮಕೂರಿನ ಓದುಗರು: ನಾವು ಶುದ್ಧ ಸಸ್ಯಾಹಾರಿಗಳು. ಊಟ, ನೀರಿಗೆ ಏನು ಮಾಡುವುದು?

ಕಾಸ್ಟೆಲ್ನೋದಾರಿಯ ಹೆಸರಾಂತ ‘ಕಾಸುಲೆ’ ನೋಡಲು ಹುರುಳಿಕಾಯಿ ಬೀಜದ ಹುಳಿಯಂತಿದ್ದರೂ ಅದರಲ್ಲಿ ಹಂದಿ, ಬಾತುಕೋಳಿ ಮಾಂಸ ಇರುತ್ತದೆ. ಸೂಪರ್ ಮಾರ್ಕೆಟ್ಟಿನಲ್ಲಿ ಬೇಯಿಸಿದ ಕಾಬೂಲಿ ಕಡಲೆ (‘ಪ್ವಾ ಶಿಶ್’), ಮಸೂರದಂಥ ‘ಲಾಂತಿಯ್’ ಡಬ್ಬಿಗಳು ಸಿಗುತ್ತವೆ. ಬ್ರೆಡ್ಡು, ಟೊಮೆಟೊ, ನೀವು ಒಯ್ದ ಚಟ್ನಿಪುಡಿ ಸೇರಿದರೆ ಒಂದು ಹೊತ್ತು ಕಳೆಯಿತು. ಹಳ್ಳಿಯ ಅಂಗಡಿಗಳು 12ರಿಂದ 2, ಕೆಲವೆಡೆ 3ರವರೆಗೂ ಬಾಗಿಲು ಹಾಕುತ್ತವೆ. ಭಾನುವಾರ ಮಧ್ಯಾಹ್ನ, ಸೋಮವಾರ ಇನ್ನೂ ಕಷ್ಟ. ಶನಿವಾರವೇ ಎರಡು ದಿನದ್ದು ಕೊಂಡಿಡಿ. ನಾಲೆ ನೀರನ್ನು ಕುದಿಸಿಯೂ ಕುಡಿಯಬೇಡಿ, ದೋಣಿಗಳ ಕೊಳೆ ಅದರಲ್ಲೇ ಇರುತ್ತದೆ. ಊರ ಸ್ಮಶಾನಗಳ ಗೇಟಿನ ಬಳಿ ಸಾಮಾನ್ಯವಾಗಿ ನಲ್ಲಿ ಇರುತ್ತದೆ, ಸೈಕಲ್ ಪ್ರವಾಸಿಗಳೆಲ್ಲ ಅಲ್ಲೇ ತುಂಬಿಕೊಳ್ಳುವುದು. ‘ನೋಂ ಪೊತಾಬ್ಲ್’ (ಕುಡಿಯಲು ಯೋಗ್ಯವಲ್ಲ) ಎಂದು ಬರೆದಿದ್ದರೆ ಮಾತ್ರ ಮುಟ್ಟಬೇಡಿ.

ಬೆಂಗಳೂರಿನ ಓದುಗರು: ಸೈಕಲ್ ಇಲ್ಲಿಂದ ಒಯ್ಯಬೇಕೇ, ಅಲ್ಲೇ ಬಾಡಿಗೆಗೆ ಪಡೆಯಬೇಕೇ?

ಬ್ಯಾಟರಿ ಸೈಕಲ್ ಆದರೆ ಬಾಡಿಗೆಯೊಂದೇ ದಾರಿ. 160 ವ್ಯಾಟ್-ಅವರ್ ಮೀರಿದ ಬ್ಯಾಟರಿಯನ್ನು ಪ್ರಯಾಣಿಕರ ವಿಮಾನಕ್ಕೆ ಹತ್ತಿಸುವುದಿಲ್ಲ. ಮಾಮೂಲಿ ಸೈಕಲ್ಲಾದರೆ ಎರಡು ವಾರಕ್ಕಿಂತ ಕಡಿಮೆಯ ಪ್ರವಾಸಕ್ಕೆ ಬಾಡಿಗೆಯೇ ಮೇಲು. ಒಯ್ಯುವುದೇ ಸರಿ ಅನ್ನಿಸಿದರೆ, ಎಡ ಪೆಡಲಿನ ಮರೆ ಉಲ್ಟಾ ಎನ್ನುವುದು ನೆನಪಿರಲಿ. ಗಡಿಯಾರದ ಮುಳ್ಳಿನ ದಿಕ್ಕಿಗೆ ತಿರುಗಿಸಿದರೆ ಬಿಚ್ಚುತ್ತದೆ. ಹಿಂದಿನ ಡಿರೇಲರ್ (ಗೇರು ಬದಲಿಸುವ ಭಾಗ) ಬಿಚ್ಚಿ ಬಟ್ಟೆಯಲ್ಲಿ ಸುತ್ತಿ, ಹಿಂದಿನ ಚಕ್ರದ ಪಕ್ಕದ ಫ್ರೇಮಿನ ಕೆಳ ಕೊಳವೆಯಾದ ಚೈನ್‌ಸ್ಟೇ ಒಳಗೆ ಕಟ್ಟಿ. ಪೆಟ್ಟಿಗೆಗೆ ಪೆಟ್ಟು ಬಿದ್ದಾಗ ಮೊದಲು ಬಾಗುವುದು ಡಿರೇಲರನ್ನು ಫ್ರೇಮಿಗೆ ಹಿಡಿಸುವ ಹ್ಯಾಂಗರ್. ಅದು ಪ್ರತಿ ಫ್ರೇಮಿಗೂ ಬೇರೆ ಬೇರೆ, ಅಲ್ಲಿ ಹುಡುಕಿದರೆ ಸಿಗುವುದು ಕಷ್ಟ. ಹೆಚ್ಚಿನದೊಂದನ್ನು ಇಲ್ಲಿಂದಲೇ ಒಯ್ಯಿರಿ.