ಓದುಗರ ಪ್ರಶ್ನೆ: ಬಂದ ಡಾಕ್ಟ್ರು ನಮ್ಮೂರಲ್ಲಿ ನಿಲ್ಲುದು ಯಾವಾಗ?

ಪ್ರಶ್ನೆ: ನಮ್ಮ ಕುಟುಂಬ ಆರೋಗ್ಯ ಕೇಂದ್ರಕ್ಕೆ ಡಾಕ್ಟ್ರು ಬರ್ತಾರೆ, ಗುರ್ತ ಪರಿಚಯ ಆಗುವಷ್ಟರಲ್ಲಿ ಟ್ರಾನ್ಸ್‌ಫರ್ ಆಗಿ ಹೋಗ್ತಾರೆ. ನಮ್ಮ ಕಾಸರಗೋಡು ಜಿಲ್ಲೆಯ ಉಕ್ಕಿನಡ್ಕದಲ್ಲಿ ಸರ್ಕಾರಿ ಮೆಡಿಕಲ್ ಕಾಲೇಜು ಆಯ್ತಲ್ಲ, ಇನ್ನಾದ್ರೂ ನಿಲ್ತಾರಾ?
– ಓದುಗರೊಬ್ಬರು, ಪೆರ್ಲ

ಉತ್ತರ: ಕಾಲೇಜು ಆದದ್ದು ನನಗೂ ತುಂಬಾ ಖುಷಿ ಅಣ್ಣ. 2013ರ ನವೆಂಬರ್‌ನಲ್ಲಿ ಕಲ್ಲು ಹಾಕಿದ್ದು, 2020ರಲ್ಲಿ ಕೋವಿಡ್ ಹೊತ್ತಿಗೆ ಕರ್ನಾಟಕದವರು ಗಡಿಯ ರಸ್ತೆಗಳಿಗೆ ಮಣ್ಣು ಸುರಿದು ಮಂಗಳೂರಿನ ದಾರಿ ಬಂದ್ ಆದಾಗ ಅಲ್ಲಿನ ಅಕಾಡೆಮಿಕ್ ಬ್ಲಾಕನ್ನೇ ಕೋವಿಡ್ ಆಸ್ಪತ್ರೆ ಮಾಡಿದ್ರು, ಕೊನೆಗೆ 2025ರ ಸೆಪ್ಟೆಂಬರ್‌ನಲ್ಲಿ 50 ಎಂಬಿಬಿಎಸ್ ಸೀಟಿಗೆ ಅನುಮತಿ ಬಂತು. ಆದ್ರೆ ನಾಲ್ಕೂವರೆ ವರ್ಷ ಪಾಠ, ಮತ್ತೆ ಒಂದು ವರ್ಷ ಇಂಟರ್ನ್‌ಶಿಪ್, ಲೆಕ್ಕ ಹಾಕಿದ್ರೆ ಮೊದಲ ಬ್ಯಾಚ್ ಹೊರಗೆ ಬರುವಾಗ 2031 ಆಗ್ತದೆ. ಅದೂ ಸೀಟು ಸಿಕ್ಕುದು ನೀಟ್ ರ್‍ಯಾಂಕ್ ನೋಡಿ, ಆ 50 ಮಕ್ಕಳಲ್ಲಿ ನಮ್ಮ ಎಣ್ಮಕಜೆ, ಬದಿಯಡ್ಕ, ಪೈವಳಿಕೆ ಕಡೆಯವರು ಎಷ್ಟು ಜನ ಇರ್ತಾರೆ ಎಂಬುದೇ ನನ್ನ ಚಿಂತೆ.

ಕೇರಳ ಸರ್ಕಾರ ಕೈಕಟ್ಟಿ ಕೂತಿಲ್ಲ, ಅದನ್ನು ಹೇಳ್ಲೇಬೇಕು. 2017ರಲ್ಲಿ ಆರ್ದ್ರಂ ಮಿಷನ್ ಅಂತ ಶುರು ಮಾಡಿ ಹಳೇ ಪ್ರಾಥಮಿಕ ಆರೋಗ್ಯ ಕೇಂದ್ರಗಳನ್ನು ಕುಟುಂಬ ಆರೋಗ್ಯ ಕೇಂದ್ರ ಮಾಡುವಾಗ ಡಾಕ್ಟ್ರು, ನರ್ಸ್ ಪೋಸ್ಟ್ ಹೆಚ್ಚು ಮಾಡಿದ್ರು, ಮಧ್ಯಾಹ್ನದ ಮೇಲೂ ಒಪಿ (ಹೊರರೋಗಿಗಳನ್ನು ನೋಡುದು) ಬಂತು. ಆದ್ರೆ ಪೋಸ್ಟ್ ಇದ್ದ ಮಾತ್ರಕ್ಕೆ ಸಾಲ್ದು, ಅದರಲ್ಲಿ ಜನ ಇರ್ಬೇಕಲ್ಲ. ಕೊಲ್ಲಂ, ತಿರುವನಂತಪುರದಿಂದ ಬಂದವರಿಗೆ ಮನೆ 500 ಕಿಲೋಮೀಟರ್ ಆಚೆ, ವಯಸ್ಸಾದ ಅಪ್ಪ ಅಮ್ಮ ಅಲ್ಲಿ, ಇಲ್ಲಿ ಒಂದು ಸರಿಯಾದ ಕ್ವಾರ್ಟರ್ಸ್ ಇಲ್ಲ, ಜನರ ಭಾಷೆ ತಿಳಿಯುದಿಲ್ಲ, ಅವರು ಊರಿಗೆ ಹೋಗ್ಲಿಕ್ಕೆ ಅರ್ಜಿ ಹಾಕಿದ್ರೆ ನಾನು ತಪ್ಪು ಹೇಳುದಿಲ್ಲ.

ಭಾಷೆಯ ವಿಷಯ ಬಂದದ್ದಕ್ಕೆ ಒಂದು ಹೇಳ್ತೇನೆ. ಒಮ್ಮೆ ನನ್ನ ಅತ್ತೆಯನ್ನು ಕರ್ಕೊಂಡು ಒಪಿಗೆ ಹೋಗಿದ್ದೆ. ಅತ್ತೆ “ಎದ್ದು ನಿಂತ ಕೂಡ್ಲೇ ಮಂಡೆ ತಿರುಗ್ತದೆ ಡಾಕ್ಟ್ರೇ” ಅಂದ್ರು. ಹೊಸ ಡಾಕ್ಟ್ರು ಮಲಯಾಳಿ, ಒಳ್ಳೆ ಹುಡುಗಿ, ಅತ್ತೆ ಮಂಡೆಗೆ ಕೈ ಇಟ್ಟದ್ದು ನೋಡಿ ಚೀಟಿಯಲ್ಲಿ ತಲೆನೋವು ಅಂತ ಬರೆದ್ರು. ನಾನು ಬಾಯಿ ತೆರೆಯುವ ಮೊದಲೇ ಬಾಗಿಲ ಹತ್ರ ನಿಂತಿದ್ದ ಸಿಸ್ಟರ್, ನಮ್ಮ ಕಡೆಯವಳೇ, “ತಲವೇದನ ಅಲ್ಲ ಡಾಕ್ಟರೇ, ತಲಕರಕ್ಕಂ” ಅಂದಳು, ಅಂದ್ರೆ ತಲೆನೋವಲ್ಲ, ತಲೆಸುತ್ತು ಅಂತ. ಕೂಡ್ಲೇ ಡಾಕ್ಟ್ರು ಅತ್ತೆಯನ್ನು ಕೂರಿಸಿ ಒಮ್ಮೆ, ನಿಲ್ಲಿಸಿ ಒಮ್ಮೆ ಬಿಪಿ ನೋಡಿದ್ರು, ನಿಂತಾಗ ಇಳೀತಾ ಇತ್ತು, ಬಿಪಿ ಮಾತ್ರೆ ಕಮ್ಮಿ ಮಾಡಿದ್ರು. ಆ ಸಿಸ್ಟರ್ ಆ ಹೊತ್ತಿಗೆ ಅಲ್ಲಿ ಇಲ್ಲದಿದ್ರೆ ಅತ್ತೆ ನೋವಿನ ಮಾತ್ರೆ ನುಂಗಿಕೊಂಡು ಎಲ್ಲಿ ಬಿದ್ದಿರ್ತಿದ್ರೋ.

ವಿಶ್ವ ಆರೋಗ್ಯ ಸಂಸ್ಥೆಯೂ 2021ರ ಮಾರ್ಗಸೂಚಿಯಲ್ಲಿ ಇದನ್ನೇ ಹೇಳಿದ್ದು, ಹಳ್ಳಿಯಲ್ಲಿ ಸಿಬ್ಬಂದಿ ನಿಲ್ಬೇಕಾದ್ರೆ ಹಳ್ಳಿಯ ಮಕ್ಕಳನ್ನೇ ಕಲಿಸಿ, ಸ್ಕಾಲರ್‌ಶಿಪ್ ಕೊಟ್ಟು ಊರಲ್ಲಿ ಕೆಲಸ ಮಾಡುವ ಕರಾರು ಮಾಡಿ, ಇರ್ಲಿಕ್ಕೆ ಮನೆ ಕೊಡಿ ಅಂತ. ಎಂಡೋಸಲ್ಫಾನ್ ಕೀಟನಾಶಕದಿಂದ ನರಳಿದ ಪಡ್ರೆಯಂಥ ಊರುಗಳಿಗೆ, ಹಾಸಿಗೆಯಲ್ಲೇ ಇರುವ ಮಕ್ಕಳ ಅಮ್ಮಂದಿರ ಮಾತು ತಿಳಿಯುವವರೇ ಬೇಕು. ನಿಮ್ಮ ಪಂಚಾಯತಿನ ಗ್ರಾಮಸಭೆಯಲ್ಲಿ ಕ್ವಾರ್ಟರ್ಸ್ ವಿಷಯ ಎತ್ತಿ, ಕುಟುಂಬ ಆರೋಗ್ಯ ಕೇಂದ್ರದ ಮೇಲ್ವಿಚಾರಣೆ ಪಂಚಾಯತಿನದ್ದೇ.

ಪ್ರಶ್ನೆ: ಮಗಳು ಪ್ಲಸ್ ಟು ಸೈನ್ಸ್. ನರ್ಸಿಂಗ್‌ಗೆ ಮಂಗಳೂರಿಗೆ ಕಳಿಸಿದ್ರೆ ಇಲ್ಲಿ ಸರ್ಕಾರಿ ಕೆಲಸ ಸಿಕ್ತದಾ?
– ಒಬ್ಬರು ತಾಯಿ, ಮಂಜೇಶ್ವರ

ಉತ್ತರ: ಸಿಕ್ತದೆ ಅಕ್ಕ, ಕಳಿಸಿ. ಬಿಎಸ್ಸಿ ನರ್ಸಿಂಗ್ ನಾಲ್ಕು ವರ್ಷ, ಜಿಎನ್ಎಂ ಎಂಬ ನರ್ಸಿಂಗ್ ಡಿಪ್ಲೊಮಾ ಮೂರು ವರ್ಷ. ಫೀಸು ಕಟ್ಟುವ ಮೊದಲು ಕಾಲೇಜಿಗೆ ನರ್ಸಿಂಗ್ ಕೌನ್ಸಿಲ್ ಮಾನ್ಯತೆ ಉಂಟಾ ಅಂತ ನೀವೇ ನೋಡಿ, ಏಜೆಂಟರ ಮಾತು ಕೇಳ್ಬೇಡಿ. ಕರ್ನಾಟಕದಲ್ಲಿ ಕಲಿತ್ರೂ ಇಲ್ಲಿ ಕೆಲಸಕ್ಕೆ ಕೇರಳ ನರ್ಸಸ್ ಆಂಡ್ ಮಿಡ್‌ವೈವ್ಸ್ ಕೌನ್ಸಿಲ್‌ನ ರಿಜಿಸ್ಟ್ರೇಷನ್ ಬೇಕು, ಖಾಯಂ ಪೋಸ್ಟ್ ಪಿಎಸ್‌ಸಿ (ಕೇರಳ ಲೋಕಸೇವಾ ಆಯೋಗ) ಮೂಲಕ. ಕೇರಳದಲ್ಲೇ ಬಿಎಸ್ಸಿ ಮಾಡುದಾದ್ರೆ ಅರ್ಜಿ ಸರ್ಕಾರದ ಪರವಾಗಿ ಸೀಟು ಹಂಚುವ ಎಲ್‌ಬಿಎಸ್ ಸೆಂಟರ್‌ಗೆ. ಮಗಳು ಕನ್ನಡ ಮೀಡಿಯಂ ಆದ್ರೆ ಈಗಿಂದಲೇ ಮಲಯಾಳಂ ಓದ್ಲಿಕ್ಕೆ ಬರೀಲಿಕ್ಕೆ ಕಲೀಲಿ.

ಪ್ರಶ್ನೆ: ಆಶಾ ಕಾರ್ಯಕರ್ತೆಯರು ಸರ್ಕಾರಿ ನೌಕರರಲ್ವಾ?
– ಕುಂಬಳೆಯಿಂದ

ಉತ್ತರ: ಅಲ್ಲ. 2005ರ ಗ್ರಾಮೀಣ ಆರೋಗ್ಯ ಮಿಷನ್‌ನಲ್ಲಿ ಸ್ವಯಂಸೇವಕಿಯರು ಅಂತ ತೆಗೊಂಡದ್ದು, ಹಾಗಾಗಿ ಸಂಬಳ ಅಲ್ಲ, ಗೌರವಧನ ಮತ್ತು ಇನ್ಸೆಂಟಿವ್. 2025ರ ಫೆಬ್ರವರಿ 10ರಿಂದ ತಿರುವನಂತಪುರದ ಸೆಕ್ರೆಟರಿಯೇಟ್ ಎದುರು ತಿಂಗಳುಗಟ್ಟಲೆ ಧರಣಿ ಕೂತು ತಿಂಗಳಿಗೆ 21,000 ರೂಪಾಯಿ ಕೇಳಿದ್ರು, ಆ ವರ್ಷ ಗೌರವಧನ 7,000 ಇದ್ದದ್ದು 8,000 ಆಯ್ತು. ನನ್ನ ಅತ್ತೆಯ ಬಿಪಿ ಈಗ ತಿಂಗಳಿಗೊಮ್ಮೆ ಬರೆದಿಡುದು ನಮ್ಮ ವಾರ್ಡಿನ ಆಶಾ ಅಕ್ಕನೇ, ಮಳೆಗಾಲದಲ್ಲಿ ಗುಡ್ಡೆ ಹತ್ತಿ ಬರ್ತಾರೆ. ಅವರಿಗೆ ಅಷ್ಟು ಸಾಲ್ದು, ಇದನ್ನು ನಾನು ಎಷ್ಟು ಸಲ ಬೇಕಾದ್ರೂ ಬರೀತೇನೆ.