ಓದುಗರ ಪ್ರಶ್ನೆ: ಕುರ್‌ಆನಿನಲ್ಲಿ ಮೇರಿ ಮಾತೆ

ಪ್ರಶ್ನೆ: ಸೆಪ್ಟೆಂಬರಿನಲ್ಲಿ ಗೆಳತಿಯೊಂದಿಗೆ ಶಿವಾಜಿನಗರದ ಸಂತ ಮೇರಿ ಬೆಸಿಲಿಕಾದ ಹಬ್ಬಕ್ಕೆ ಹೋಗಿದ್ದೆ. ಹೊರಗೆ ಹೂವು ಮಾರುತ್ತಿದ್ದ ಮುಸ್ಲಿಂ ಹಿರಿಯರೊಬ್ಬರು ‘ಇವರು ನಮ್ಮ ಕುರ್‌ಆನಿನಲ್ಲೂ ಇದ್ದಾರಮ್ಮಾ’ ಎಂದರು. ಹಾಗಾದರೆ ಇಸ್ಲಾಂ ಯಹೂದಿ ಮತ್ತು ಕ್ರೈಸ್ತ ಧರ್ಮಗಳಿಂದ ಒಡೆದ ಕವಲೇ, ಅಥವಾ ಅರಬರ ನಾಡಿನಲ್ಲಿ ಹೊಸದಾಗಿ ಹುಟ್ಟಿದ ಧರ್ಮವೇ?
— ಓದುಗರೊಬ್ಬರು, ಬಸವನಗುಡಿ

ಉತ್ತರ: ಹೂವಿನ ಹಿರಿಯರು ಹೇಳಿದ್ದು ನಿಜ. ಕುರ್‌ಆನಿನ 19ನೆಯ ಅಧ್ಯಾಯದ ಹೆಸರೇ ‘ಮರ್ಯಮ್’. ಆ ಗ್ರಂಥದಲ್ಲಿ ಹೆಸರು ಹಿಡಿದು ಕರೆಯಲಾದ ಸ್ತ್ರೀಯೂ ಅವರೊಬ್ಬರೇ. ಯೇಸು ಅಲ್ಲಿ ಈಸಾ, ಮೋಶೆ ಮೂಸಾ, ಅಬ್ರಹಾಮ ಇಬ್ರಾಹೀಮ್. ಮೂಸಾರ ಹೆಸರಂತೂ 130ಕ್ಕೂ ಹೆಚ್ಚು ಬಾರಿ ಬರುತ್ತದೆ.

ಪ್ರವಾದಿ ಮುಹಮ್ಮದರು ಮಕ್ಕಾದ ಕುರೈಷ್ ಬುಡಕಟ್ಟಿನಲ್ಲಿ ಸುಮಾರು 570ರಲ್ಲಿ ಜನಿಸಿದರು. ಆ ಕಾಲದ ಅರೇಬಿಯವನ್ನು ಹೊರಜಗತ್ತಿನ ಗಾಳಿ ಸೋಕದ ಮರಳುಗಾಡೆಂದು ಭಾವಿಸುವುದು ನಮ್ಮಲ್ಲಿ ರೂಢಿ, ಆದರೆ ಅದು ತಪ್ಪು. ದಕ್ಷಿಣದ ಯಮನಿನಲ್ಲಿ ಹಿಮ್ಯರ್ ಅರಸರು ನಾಲ್ಕನೆಯ ಶತಮಾನದ ಕೊನೆಯ ಹೊತ್ತಿಗೆ ಹಳೆಯ ದೇವತೆಗಳನ್ನು ಬಿಟ್ಟು ಯಹೂದಿ ಪ್ರಭಾವದ ಏಕದೇವೋಪಾಸನೆಯತ್ತ ತಿರುಗಿದ್ದರು. ಅವರ ಶಾಸನಗಳಲ್ಲಿ ಕಾಣುವ ಏಕೈಕ ದೇವರ ಹೆಸರು ‘ರಹ್ಮಾನನ್’. ಕುರ್‌ಆನ್ ದೇವರನ್ನು ‘ಅರ್‌ರಹ್ಮಾನ್’ ಎಂದು ಕರೆಯುವುದನ್ನು ಬಲ್ಲವರಿಗೆ ಈ ಸಾಮ್ಯ ತಟ್ಟನೆ ಹೊಳೆಯುತ್ತದೆ. ಅದೇ ರಾಜ್ಯದ ಯಹೂದಿ ದೊರೆ ಧೂ ನುವಾಸ್ 523ರ ಸುಮಾರಿಗೆ ನಜ್ರಾನ್ ಊರಿನ ಕ್ರೈಸ್ತರನ್ನು ಕೊಲ್ಲಿಸಿದ್ದು, ಅದರ ಬೆನ್ನಿಗೇ ಇಥಿಯೋಪಿಯದ ಕ್ರೈಸ್ತ ಸೇನೆ ಸಮುದ್ರ ದಾಟಿ ಬಂದು ಅವನ ರಾಜ್ಯವನ್ನು ಉರುಳಿಸಿದ್ದು ಮುಹಮ್ಮದರ ಜನನಕ್ಕೆ ಅರ್ಧ ಶತಮಾನವೂ ಮುಂಚಿನ ಸಂಗತಿಯಲ್ಲ. ಉತ್ತರದಲ್ಲಿ ಘಸ್ಸಾನಿ ಅರಬರು ಕ್ರೈಸ್ತರಾಗಿದ್ದರು. ಆದರೆ ಮಕ್ಕಾದ ಕಾಬಾದಲ್ಲಿ ಇನ್ನೂ ಹುಬಲ್‌ನಂಥ ವಿಗ್ರಹಗಳಿದ್ದವು.

ಆದುದರಿಂದಲೇ ಕುರ್‌ಆನಿನ ಕಥನಕ್ರಮ ಬೇರೆ. ತಾಳಮದ್ದಳೆಯಲ್ಲಿ ಅರ್ಥಧಾರಿಯು ಕರ್ಣನ ಕಥೆಯನ್ನು ಮೊದಲಿನಿಂದ ಹೇಳುತ್ತಾ ಕೂರುವುದಿಲ್ಲ. ಸಭೆಗೆ ಅದು ಗೊತ್ತೆಂಬ ಭರವಸೆಯಲ್ಲಿ ತನ್ನ ವಾದಕ್ಕೆ ಬೇಕಾದ ಸಂದರ್ಭವನ್ನು ಎತ್ತಿಕೊಂಡು ಬೆಳೆಸುತ್ತಾನೆ. ಯೂಸುಫರ (ಬೈಬಲಿನ ಯೋಸೇಫ) ಕಥೆಯೊಂದನ್ನು ಬಿಟ್ಟರೆ ಕುರ್‌ಆನ್ ಕೂಡ ಹಿಂದಿನ ಪ್ರವಾದಿಗಳ ವೃತ್ತಾಂತಗಳನ್ನು ಬಹುಮಟ್ಟಿಗೆ ಹೀಗೆಯೇ ಬಳಸುತ್ತದೆ. ಅದನ್ನು ಮೊದಲು ಕೇಳಿದವರಿಗೆ ನೂಹ್ (ಬೈಬಲಿನ ನೋಹ), ಮೂಸಾ, ಮರ್ಯಮ್ ಯಾರೆಂದು ಪರಿಚಯಿಸಬೇಕಿರಲಿಲ್ಲ.

ಸಾಂಪ್ರದಾಯಿಕ ಜೀವನಚರಿತ್ರೆಗಳ ಪ್ರಕಾರ, 610ರ ಸುಮಾರಿಗೆ ಹಿರಾ ಗುಹೆಯಲ್ಲಿ ಮೊದಲ ದಿವ್ಯವಾಣಿಯಾದಾಗ ನಡುಗುತ್ತಾ ಮನೆಗೆ ಬಂದ ಮುಹಮ್ಮದರ ಅನುಭವ ಎಂಥದ್ದೆಂದು ತಿಳಿಯಲು ಪತ್ನಿ ಖದೀಜಾ ಮೊರೆಹೋದದ್ದು ತಮ್ಮ ಬಂಧು ವರಕಾ ಇಬ್ನ್ ನೌಫಲ್ ಎಂಬ ವೃದ್ಧ ಕ್ರೈಸ್ತರನ್ನು. ಮೂಸಾರ ಬಳಿಗೆ ಬಂದ ದೇವದೂತನೇ ಇವರ ಬಳಿಗೂ ಬಂದಿದ್ದಾನೆ ಎಂಬ ಅರ್ಥದ ಮಾತನ್ನು ಅವರು ಹೇಳಿದರಂತೆ. ಮುಂದೆ ಮಕ್ಕಾದ ಕಿರುಕುಳ ತಾಳಲಾರದೆ 615ರ ಸುಮಾರಿಗೆ ಕೆಲವು ಅನುಯಾಯಿಗಳು ಇಥಿಯೋಪಿಯಕ್ಕೆ ವಲಸೆ ಹೋದಾಗ ಅಲ್ಲಿನ ಕ್ರೈಸ್ತ ದೊರೆಯ ಮುಂದೆ ಓದಿದ್ದು ನಿಮ್ಮ ಹೂವಿನ ಹಿರಿಯರು ನೆನಪಿಸಿದ ಮರ್ಯಮ್ ಅಧ್ಯಾಯವನ್ನೇ.

ಇಷ್ಟು ನಿಕಟ ಸಂಬಂಧವಿದ್ದರೂ ‘ಕವಲು’ ಎಂಬ ಪದ ನನಗೆ ಒಪ್ಪಿಗೆಯಿಲ್ಲ. ಕವಲು ಮೂಲ ಮರದಿಂದ ಒಡೆದದ್ದೆಂದು ತಾನೇ ಒಪ್ಪಿಕೊಳ್ಳುತ್ತದೆ. ಇಸ್ಲಾಂ ಹಾಗೆ ಹೇಳುವುದಿಲ್ಲ. ಇಬ್ರಾಹೀಮರು ಯಹೂದಿಯೂ ಆಗಿರಲಿಲ್ಲ, ಕ್ರೈಸ್ತರೂ ಆಗಿರಲಿಲ್ಲ, ಒಬ್ಬನೇ ದೇವರಿಗೆ ಶರಣಾದವರಾಗಿದ್ದರು ಎಂದು ಕುರ್‌ಆನಿನ 3ನೆಯ ಅಧ್ಯಾಯ ಹೇಳುತ್ತದೆ. ಎಂದರೆ ಅದು ತನ್ನನ್ನು ಆ ಎರಡು ಧರ್ಮಗಳ ಮುಂದುವರಿಕೆಯೆಂದಲ್ಲ, ಅವೆರಡಕ್ಕೂ ಹಿಂದಿನ ಮೂಲಧರ್ಮದ ಪುನಃಸ್ಥಾಪನೆಯೆಂದು ಕಾಣುತ್ತದೆ. ಈಸಾ ಕನ್ಯೆಯ ಮಗ, ಮಸೀಹ, ಮಹಾಪ್ರವಾದಿ ಎಂಬುದನ್ನು ಅದು ಒಪ್ಪುತ್ತದೆ. ಅವರು ದೇವಪುತ್ರರೆಂಬುದನ್ನು, ತ್ರಯೇಕತ್ವವನ್ನು, ಶಿಲುಬೆಯ ಮರಣವನ್ನು ಒಪ್ಪುವುದಿಲ್ಲ.

ಈ ಭಿನ್ನತೆ ಆಚರಣೆಯಲ್ಲಿ ಗಟ್ಟಿಯಾದದ್ದು ಮದೀನಾದಲ್ಲಿ. 622ರಲ್ಲಿ ಅಲ್ಲಿಗೆ ವಲಸೆ ಬಂದ ಮುಸ್ಲಿಮರು ಮೊದಲ 16–17 ತಿಂಗಳು ಪ್ರಾರ್ಥನೆ ಸಲ್ಲಿಸುತ್ತಿದ್ದದ್ದು ಯಹೂದಿಗಳ ಪುಣ್ಯನಗರವಾದ ಜೆರುಸಲೇಮಿನ ಕಡೆಗೆ ಮುಖ ಮಾಡಿ. 624ರಲ್ಲಿ ಆ ದಿಕ್ಕು ಮಕ್ಕಾದ ಕಾಬಾದತ್ತ ಬದಲಾಯಿತು. ಹೆಚ್ಚುಕಡಿಮೆ ಅದೇ ಹೊತ್ತಿಗೆ ರಮಜಾನ್ ತಿಂಗಳ ಉಪವಾಸವೂ ಕಡ್ಡಾಯವಾಯಿತು. ಯಹೂದಿಗಳ ಉಪವಾಸಕ್ಕೆ ಹತ್ತಿರವಿದ್ದ ಆಶೂರಾ ವ್ರತ ಐಚ್ಛಿಕವಾಗಿ ಉಳಿಯಿತು. ಮದೀನಾದ ಯಹೂದಿ ಬುಡಕಟ್ಟುಗಳೊಂದಿಗಿನ ಸಂಬಂಧವೂ ಕೆಟ್ಟಿತು: ಸಾಂಪ್ರದಾಯಿಕ ಇತಿಹಾಸಗಳೇ ಹೇಳುವಂತೆ ಕೈನುಕಾ ಮತ್ತು ನದೀರ್ ಬುಡಕಟ್ಟಿನವರು ಊರು ಬಿಡಬೇಕಾಯಿತು, 627ರಲ್ಲಿ ಕುರೈಝಾ ಬುಡಕಟ್ಟಿನ ಗಂಡಸರಿಗೆ ಮರಣದಂಡನೆಯಾಯಿತು. ಇದನ್ನು ಮುಚ್ಚಿಟ್ಟು ಸೌಹಾರ್ದದ ಮಾತನ್ನಷ್ಟೇ ಬರೆದರೆ ನಿಮ್ಮ ಪ್ರಶ್ನೆಗೆ ಅರ್ಧ ಉತ್ತರ ಕೊಟ್ಟಂತಾಗುತ್ತದೆ. ಇಷ್ಟಾದರೂ ಯಹೂದಿಗಳನ್ನೂ ಕ್ರೈಸ್ತರನ್ನೂ ‘ಗ್ರಂಥದವರು’ ಎಂದು ಗುರುತಿಸಿ, ಅವರ ಊಟವನ್ನೂ ಅವರ ಹೆಣ್ಣುಮಕ್ಕಳೊಂದಿಗಿನ ವಿವಾಹವನ್ನೂ ಕುರ್‌ಆನ್ ಮುಸ್ಲಿಮರಿಗೆ ಸಮ್ಮತವೆಂದಿತು.

ಪ್ರಶ್ನೆ: ಬಕ್ರೀದ್ ಹಬ್ಬದ ಹಿನ್ನೆಲೆಯಲ್ಲಿರುವ, ಇಬ್ರಾಹೀಮರು ಮಗನನ್ನು ಬಲಿ ಕೊಡಲು ಸಿದ್ಧರಾದ ಕಥೆಯಲ್ಲಿ ಆ ಮಗ ಇಸ್ಮಾಯೀಲ್ ಎಂದು ನಮ್ಮ ಪಕ್ಕದ ಮನೆಯವರು ಹೇಳುತ್ತಾರೆ. ಬೈಬಲಿನಲ್ಲಿ ಇಸಾಕ ಎಂದಿದೆ. ಯಾವುದು ಸರಿ?
— ಓದುಗರೊಬ್ಬರು, ಫ್ರೇಜರ್ ಟೌನ್

ಉತ್ತರ: ಬೈಬಲಿನ ಆದಿಕಾಂಡದ 22ನೆಯ ಅಧ್ಯಾಯ ಇಸಾಕನೆಂದೇ ಹೇಳುತ್ತದೆ. ಕುರ್‌ಆನಿನ 37ನೆಯ ಅಧ್ಯಾಯದಲ್ಲಿ ಇದೇ ಪ್ರಸಂಗವಿದ್ದರೂ ಬಲಿಗೆ ಸಿದ್ಧನಾದ ಮಗನ ಹೆಸರಿಲ್ಲ, ಬಹಳ ಮಂದಿ ಗಮನಿಸದ ಸಂಗತಿ ಇದು. ಹೆಸರಿಲ್ಲದ್ದರಿಂದ ಮುಸ್ಲಿಂ ವ್ಯಾಖ್ಯಾನಕಾರರಲ್ಲೇ ಮೊದಲ ಶತಮಾನಗಳಲ್ಲಿ ಎರಡು ಪಕ್ಷಗಳಿದ್ದವು. 923ರಲ್ಲಿ ತೀರಿಕೊಂಡ ಪ್ರಸಿದ್ಧ ವ್ಯಾಖ್ಯಾನಕಾರ ತಬರಿ ಎರಡೂ ಕಡೆಯ ಪರಂಪರೆಗಳನ್ನು ದಾಖಲಿಸಿ ತಾವು ಇಸಾಕನ ಪರ ನಿಂತರು. ಕಾಬಾವನ್ನು ತಂದೆಯೊಂದಿಗೆ ಕಟ್ಟಿದವರೆಂದು ಕುರ್‌ಆನ್ ಹೇಳುವ ಇಸ್ಮಾಯೀಲರೇ ಆ ಮಗನೆಂಬ ಅಭಿಪ್ರಾಯ ಕ್ರಮೇಣ ಮೇಲುಗೈ ಪಡೆದು, 14ನೆಯ ಶತಮಾನದ ಇಬ್ನ್ ಕಸೀರರ ವ್ಯಾಖ್ಯಾನದಲ್ಲಿ ಬಲವಾದ ಸಮರ್ಥನೆ ಪಡೆಯಿತು. ನಿಮ್ಮ ನೆರೆಮನೆಯವರು ಹೇಳಿದ್ದು ಇಂದು ಬಹುಪಾಲು ಮುಸ್ಲಿಮರು ಒಪ್ಪುವ ಆ ಅಭಿಪ್ರಾಯವನ್ನೇ.